ನಮ್ಮ ಮನೆ ರೂಟರ್, ಯಾರದೋ ಹಾಟ್‌ಸ್ಪಾಟ್

ಅಪ್ಪ ಹುಬ್ಬಳ್ಳಿಯಿಂದ ನಮ್ಮ ಕೊಂಢವಾ ಮನೆಗೆ ಬಂದಿದ್ರು. ಫೋನಿಗೆ ವೈಫೈ ಹಾಕೋವಾಗ ಕೇಳಿದ್ರು: "ತಮ್ಮಾ, ಎರಡು ಹೆಸರು ಫುಲ್ ಸಿಗ್ನಲ್ ತೋರಸಾಕತ್ತಾವಲ್ಲ, ಎರಡನೇದ್ದು ಯಾರದು?" ಪಕ್ಕದ ಫ್ಲ್ಯಾಟಿನದ್ದು ಅಂದೆ. ಅನುಮಾನ ಬಂದು ರೂಟರ್ ಆಫ್ ಮಾಡಿದ್ರೆ ಎರಡೂ ಮಾಯ! ಬ್ರಾಡ್‌ಬ್ಯಾಂಡ್ ಕಂಪನಿ ನನ್ನನ್ನ ಕೇಳದೇ ನಮ್ಮ ಹಾಲ್‌ನಿಂದ ಊರಿಗೆಲ್ಲ ಹಾಟ್‌ಸ್ಪಾಟ್ ಹೆಸರು ಸಾರ್ತಾ ಇತ್ತು.

ಈ ಐಡಿಯಾ ಹುಟ್ಟಿದ್ದು ಹೀಗಲ್ಲ. 2005ರಲ್ಲಿ ಸ್ಪೇನಿನಲ್ಲಿ ಫಾನ್ ಅನ್ನೋ ಕಂಪನಿ ಶುರುವಾಯ್ತು. ನೀವು ನಿಮ್ಮ ವೈಫೈ ಸ್ವಲ್ಪ ಹಂಚಿಕೊಳ್ಳಿ, ಬೇರೆ ಊರಿಗೆ ಹೋದಾಗ ಅಲ್ಲಿನ ಸದಸ್ಯರದ್ದು ನಿಮಗೆ ಸಿಗುತ್ತೆ. ಕೊಡುಕೊಳ್ಳುವ ವ್ಯವಹಾರ, ಒಪ್ಪಿದವರಿಗೆ ಮಾತ್ರ. 2007ರಲ್ಲಿ ಬ್ರಿಟನ್ನಿನ ಬಿಟಿ ಇದಕ್ಕೆ ಕೈಜೋಡಿಸಿತು. 2013ರಲ್ಲಿ ಅಮೆರಿಕದ ಕಾಮ್‌ಕಾಸ್ಟ್ ಗ್ರಾಹಕರ ಮನೆಯ ರೂಟರ್‌ಗಳಲ್ಲಿ ಎರಡನೇ ನೆಟ್‌ವರ್ಕ್ ಹಾಕೋಕೆ ಹೊರಟಾಗ ಲೆಕ್ಕ ಉಲ್ಟಾ ಆಯ್ತು: ಬೇಡ ಅಂತ ನೀವೇ ಹೇಳಬೇಕು, ಹೇಳದಿದ್ರೆ ಒಪ್ಪಿದ ಹಾಗೆ. 2014ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರು ಕೋರ್ಟಿಗೆ ಹೋದ್ರು. ಕರೆಂಟು ನಮ್ಮದು, ಅಪಾಯ ನಮ್ಮದು, ಅನುಮತಿ ಎಲ್ಲಿ ಅನ್ನೋದು ಅವರ ವಾದ.

ಕರೆಂಟಿನ ಮಾತು ಬಿಡಿ, ಅದು ಚಿಲ್ಲರೆ. ಅಪಾಯ ಅಂದಾಗ ನನಗೆ ನೆನಪಾಗೋದು 2008ರ ಜುಲೈ 26. ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮುಂಚೆ ಟಿವಿ ಚಾನೆಲ್‌ಗಳಿಗೆ ಬೆದರಿಕೆ ಇಮೇಲ್ ಬಂತು. ಐಪಿ ವಿಳಾಸ ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬೈನ ಸಾನ್‌ಪಾಡಾದಲ್ಲಿ ಒಬ್ಬ ಅಮೆರಿಕನ್ನರ ಫ್ಲ್ಯಾಟಿಗೆ. ಪಾಸ್‌ವರ್ಡ್ ಇಲ್ಲದ ಅವರ ವೈಫೈಯನ್ನ ಬೇರೆ ಯಾರೋ ಬಳಸಿದ್ರು. ಅವರ ಕಂಪ್ಯೂಟರ್‌ಗಳು ಪೊಲೀಸರ ವಶಕ್ಕೆ ಹೋದವು, ವಿಚಾರಣೆಯೂ ನಡೀತು. ಮುಂದೆ ಇಮೇಲ್ ಗುಂಪಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್‌ಗಳಿದ್ರು ಅಂತ ಪೊಲೀಸರು ಹೇಳಿದಾಗ, ತನಿಖೆಯಲ್ಲಿ ನಮ್ಮ ಕೊಂಢವಾ ಹೆಸರೂ ಬಂತು. (ಅದನ್ನೇ ಹಿಡ್ಕೊಂಡು ಇಡೀ ಏರಿಯಾವನ್ನ ಅನುಮಾನಿಸೋರನ್ನ ಕಂಡ್ರೆ ನನಗೆ ಆಗಲ್ಲ.) 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಭದ್ರತೆಗೆ ಸೂಚನೆ ಹೊರಡಿಸಿತು: ಲಾಗಿನ್ ಇಲ್ಲದೆ ಬಳಕೆ ಇಲ್ಲ.

ಹಾಗಂತ ನಮ್ಮ ಹಾಲ್‌ನ ಎರಡನೇ ಹೆಸರೂ ಸಾನ್‌ಪಾಡಾ ಕಥೆಯೂ ಒಂದೇ ಅಲ್ಲ. ಸರಿಯಾಗಿ ಕಟ್ಟಿದ್ರೆ ಹಾಟ್‌ಸ್ಪಾಟ್ ಬಳಸೋರ ಟ್ರಾಫಿಕ್ ಬೇರೆ ವಿಎಲ್‌ಎಎನ್‌ನಲ್ಲಿ ಹೋಗುತ್ತೆ, ಲಾಗಿನ್ ಅವರ ಹೆಸರಲ್ಲೇ ಇರುತ್ತೆ. ಆದ್ರೆ ಸರಿಯಾಗಿ ಕಟ್ಟಿದ್ದಾರಾ ಅಂತ ನಾನು ಹೇಗೆ ನೋಡ್ಲಿ? ಆ ಸೆಟ್ಟಿಂಗ್ ನನ್ನ ಅಡ್ಮಿನ್ ಪೇಜಿನಲ್ಲೇ ಇಲ್ಲ. ಮೇಲಾಗಿ ರೇಡಿಯೋ ಒಂದೇ. ಪ್ರತಿ ಹೆಸರೂ ಸೆಕೆಂಡಿಗೆ ಸುಮಾರು 10 ಬೀಕನ್ ಕಳಿಸುತ್ತೆ, ಅದೂ ನಿಧಾನದ ವೇಗದಲ್ಲಿ. ಕಿಕ್ಕಿರಿದ ಅಪಾರ್ಟ್‌ಮೆಂಟಿನ 2.4 ಗಿಗಾಹರ್ಟ್ಸ್‌ನಲ್ಲಿ ಅದು ಸಣ್ಣ ಮಾತಲ್ಲ.

ನಮ್ಮ ದೇಶದಲ್ಲೇ ಇದಕ್ಕೆ ನೆಟ್ಟಗಿನ ದಾರಿ ಇದೆ. 2020ರ ಡಿಸೆಂಬರ್‌ನಲ್ಲಿ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿಯವರೂ ವೈಫೈ ಮಾರಬಹುದು, ಹಳೇ ಎಸ್‌ಟಿಡಿ ಬೂತಿನ ಥರ. ಆದ್ರೆ ಬೂತ್ ಇಡೋದು ಅವರಿಷ್ಟ.

ಕಸ್ಟಮರ್ ಕೇರ್‌ಗೆ ಎರಡು ಸಲ ಫೋನ್ ಮಾಡಿದೆ. ಒಮ್ಮೆ ಹೋಯ್ತು, ಫರ್ಮ್‌ವೇರ್ ಅಪ್‌ಡೇಟ್ ಆದ್ಮೇಲೆ ಮತ್ತೆ ಬಂತು. ಈಗ ಅವರ ಡಬ್ಬವನ್ನ ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಅದರ ವೈಫೈ ಬಂದ್ ಮಾಡಿಸಿ, ನನ್ನದೇ ರೂಟರ್ ಇಟ್ಟಿದ್ದೀನಿ. ನೀವೂ ಇವತ್ತು ವೈಫೈ ಅನಲೈಸರ್ ಆ್ಯಪ್ ತೆರೆದು ನೋಡಿ. ಎರಡು ಹೆಸರುಗಳ ಬಿಎಸ್‌ಎಸ್‌ಐಡಿಯಲ್ಲಿ ಒಂದೆರಡು ಅಂಕಿ ಮಾತ್ರ ಬೇರೆ ಇದ್ರೆ, ಬಹುಶಃ ಅದು ಪಕ್ಕದ ಮನೆಯದ್ದಲ್ಲ.