ನಿಂತ ಕಾರು ಮುನಿಯುವುದೇಕೆ?

ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಹಳೆಯ ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿ ಮೊದಲ ಯತ್ನಕ್ಕೇ ಸ್ಟಾರ್ಟ್ ಆಗುವುದು ಅಪರೂಪ. ಚೋಕ್ ಎಳೆದು, ಸ್ಟಾರ್ಟರ್ ತಿರುಗಿಸಿ ತಿರುಗಿಸಿ ಬ್ಯಾಟರಿ ಸೋತ ಮೇಲೆ ನಾಲ್ಕಾರು ಜನ ಸೇರಿ ತಳ್ಳುವುದು ಒಂದು ಕಾಲದ ಸಾಮಾನ್ಯ ದೃಶ್ಯವಾಗಿತ್ತು. ಇದಕ್ಕೆ ಕಾರಣ ಕಾರಿನ ಹಟವಲ್ಲ, ಕಾರ್ಬುರೇಟರ್ ಎಂಬ ಸಾಧನದ ಸ್ವಭಾವ.

ಪೆಟ್ರೋಲ್ ದ್ರವರೂಪದಲ್ಲಿ ಉರಿಯದು. ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ಮೊದಲ ಕಾರುಗಳಲ್ಲಿ ಇಂಧನದ ಮೇಲೆ ಗಾಳಿ ಹಾಯಿಸಿ ಆವಿ ಪಡೆಯುತ್ತಿದ್ದರು. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಮಕ್ಕಳೊಂದಿಗೆ ಕಾರಿನಲ್ಲಿ ದೂರಪ್ರಯಾಣ ಹೊರಟಾಗ, ಕಟ್ಟಿಕೊಂಡ ಇಂಧನ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದರೆಂಬುದು ಪ್ರಸಿದ್ಧ. 1893ರ ಹೊತ್ತಿಗೆ ಹಂಗೇರಿಯ ಬಾಂಕಿ ಮತ್ತು ಚೊಂಕಾ, ಜರ್ಮನಿಯ ಮೈಬಾಖ್ ಸಣ್ಣ ರಂಧ್ರದಿಂದ ಪೆಟ್ರೋಲನ್ನು ತುಂತುರಾಗಿಸುವ ವಿಧಾನವನ್ನು ರೂಪಿಸಿದರು. ಇಂಗ್ಲೆಂಡಿನಲ್ಲಿ ಪಾದರಕ್ಷೆ ವ್ಯಾಪಾರದ ಸ್ಕಿನ್ನರ್ ಮನೆತನದವರು ತಯಾರಿಸಿದ ಮೊದಲ ಎಸ್‌ಯು ಕಾರ್ಬುರೇಟರಿನಲ್ಲಿ ಚರ್ಮದ ತಿದಿಯಿತ್ತು! ಎಸ್‌ಯು ಹೆಸರು ಮುಂದೆ ಅಂಬಾಸಡರಿನ ಮೂಲಕ ನಮ್ಮ ಮೆಕ್ಯಾನಿಕ್‌ಗಳಿಗೂ ಪರಿಚಿತವಾಯಿತು.

ಕಾರ್ಬುರೇಟರಿನೊಳಗೆ ಒಂದು ಪುಟ್ಟ ತೊಟ್ಟಿ. ತೇಲುವ ಬುರುಡೆಯೊಂದು ಅದರಲ್ಲಿನ ಪೆಟ್ರೋಲಿನ ಮಟ್ಟ ಕಾಯುತ್ತದೆ. ಮನೆಯ ನೀರಿನ ತೊಟ್ಟಿಯ ಏರ್ಪಾಡೇ ಇದು. ಆದರೆ ಈ ತೊಟ್ಟಿಗೆ ಗಾಳಿಯ ಸಂಪರ್ಕವಿರುವುದರಿಂದ ಪೆಟ್ರೋಲ್ ಮೆಲ್ಲಗೆ ಆರಿಹೋಗುತ್ತದೆ. ಮೊದಲು ಹಾರಿಹೋಗುವುದು ಹಗುರ ಅಂಶ; ತಣ್ಣನೆಯ ಎಂಜಿನ್ನಿಗೆ ಬೇಕಾದದ್ದೂ ಅದೇ. ಉಳಿದದ್ದು ಅಂಟಾಗಿ ಜೆಟ್ಟಿನ ರಂಧ್ರಗಳನ್ನು ಮುಚ್ಚುತ್ತದೆ. ಬಹುತೇಕ ಹಳೆಯ ಕಾರುಗಳ ಪೆಟ್ರೋಲ್ ಪಂಪು ಎಂಜಿನ್ ತಿರುಗಿದಾಗ ಮಾತ್ರ ಕೆಲಸ ಮಾಡುವುದರಿಂದ, ಒಣಗಿದ ತೊಟ್ಟಿ ತುಂಬುವಷ್ಟರಲ್ಲಿ ಬ್ಯಾಟರಿ ಬಳಲುತ್ತದೆ. ಪಂಪಿನ ಕೈಸನ್ನೆ ಒತ್ತಿ ಮೊದಲೇ ತೊಟ್ಟಿ ತುಂಬಿಸುವುದು ಬಲ್ಲವರ ಉಪಾಯ.

1912ರ ಕ್ಯಾಡಿಲಾಕ್ ಕಾರಿಗೆ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬರುವ ಮುನ್ನ ಈ ಶ್ರಮವೆಲ್ಲ ಕೈಹಿಡಿಯದ್ದು. ಅದು ಹಿಂದಕ್ಕೆ ಹೊಡೆದು ಮಣಿಕಟ್ಟು ಮುರಿದವರೂ ಇದ್ದರು. ಒತ್ತಡದಿಂದ ನೇರ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂದ ಮೇಲೆ ಹೊಸ ಕಾರುಗಳಲ್ಲಿ ಕಾರ್ಬುರೇಟರ್ ಮರೆಯಾಯಿತು. 2014ರಲ್ಲಿ ಅಂಬಾಸಡರ್ ತಯಾರಿಕೆಯೂ ನಿಂತಿತು.

ಉಳಿದಿರುವ ಹಳೆಯ ಕಾರುಗಳಿಗೆ ಈಗ ಹೊಸ ತೊಡಕು ಎದುರಾಗಿದೆ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಶೇ 20 ಮುಟ್ಟಿತು. ಎಥೆನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಜೆಟ್ ಬಿಚ್ಚಿ ಊದಿ ಸರಿಪಡಿಸಬಲ್ಲ ಕೈಗಳೋ ಕಡಿಮೆಯಾಗುತ್ತಿವೆ. ಆದ್ದರಿಂದ ಇಂಥ ಕಾರನ್ನು ಉಳಿಸಿಕೊಳ್ಳುವ ದಾರಿ, ಅದನ್ನು ನಿಲ್ಲಿಸಿಡದೆ ಆಗಾಗ ಓಡಿಸುವುದೇ.