ನಾಯಿಗಳಲ್ಲಿ ಚರ್ಮದ ತುರಿಕೆ: ಕಾರಣ, ಉಪಶಮನ ಮತ್ತು ಚಿಕಿತ್ಸೆ

ರಾಯಚೂರು ಜಿಲ್ಲೆಯ ಬಳಗಾನೂರು ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಮನೆ, ಹೊಲ ಮತ್ತು ಕುರಿಹಟ್ಟಿಗಳ ಕಾವಲಿಗೆ ನಾಯಿಗಳನ್ನು ಸಾಕಲಾಗುತ್ತದೆ. ನಾಯಿಯು ಸದಾ ಮೈ ಕೆರೆದುಕೊಳ್ಳುವುದು, ಕಚ್ಚಿಕೊಳ್ಳುವುದು, ಕೂದಲು ಉದುರುವುದು ಚರ್ಮದ ತೊಂದರೆಯ ಚಿಹ್ನೆಗಳು. ತುರಿಕೆಯು ರೋಗವಲ್ಲ, ರೋಗದ ಲಕ್ಷಣ ಮಾತ್ರ. ಆದುದರಿಂದ ಕಾರಣವನ್ನು ತಿಳಿದೇ ಚಿಕಿತ್ಸೆ ನೀಡುವುದು ಅವಶ್ಯಕ.

ಮುಖ್ಯ ಕಾರಣಗಳು

1. ಚಿಗಟ: ಬಾಲದ ಬುಡದಲ್ಲಿ ತುರಿಕೆ ಹೆಚ್ಚು. ಮೊಟ್ಟೆಗಳು ನೆಲ ಹಾಗೂ ಹಾಸಿಗೆಗೆ ಉದುರಿ ಅಲ್ಲಿಯೇ ಬೆಳೆಯುವುದರಿಂದ, ನಾಯಿಗೆ ಮಾತ್ರ ಔಷಧಿ ಹಾಕಿದರೆ ಸಾಲದು.
2. ಉಣ್ಣೆ: ಕಿವಿ, ಕುತ್ತಿಗೆ, ಬೆರಳಸಂದುಗಳಲ್ಲಿ ಅಂಟಿಕೊಂಡು ರಕ್ತ ಹೀರುತ್ತದೆ, ಜ್ವರ ತರುವ ರೋಗಾಣುಗಳನ್ನೂ ಹರಡುತ್ತದೆ.
3. ಕಜ್ಜಿ: ಕಣ್ಣಿಗೆ ಕಾಣದ ನುಸಿಗಳಿಂದ ಬರುತ್ತದೆ. ಕಿವಿಯ ಅಂಚು, ಮೊಣಕೈಗಳಲ್ಲಿ ಹಕ್ಕಳೆ ಕಟ್ಟುವ ತುರಿಕಜ್ಜಿಯು ಸಂಪರ್ಕದಲ್ಲಿರುವ ಮನುಷ್ಯರಿಗೂ ತುರಿಕೆ ಉಂಟುಮಾಡಬಲ್ಲದು.
4. ಇತರೆ: ಹುಳುಕಡ್ಡಿಯಂತಹ ಶಿಲೀಂಧ್ರ ಸೋಂಕು, ಬ್ಯಾಕ್ಟೀರಿಯಾ ಸೋಂಕು, ಆಹಾರ ಅಥವಾ ಧೂಳಿನ ಅಲರ್ಜಿ. ಹುಳುಕಡ್ಡಿಯೂ ಮನುಷ್ಯರಿಗೆ ಹರಡುತ್ತದೆ.

ಮನೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು

1. ತಣ್ಣೀರಿನಲ್ಲಿ ಸ್ನಾನ ಮಾಡಿಸಿ, ನಾಯಿಗಳಿಗೆಂದೇ ತಯಾರಿಸಿದ ಶಾಂಪೂ ಬಳಸುವುದು. ಔಷಧಿಯುಕ್ತ ಶಾಂಪೂವನ್ನು ವೈದ್ಯರು ಸೂಚಿಸಿದಷ್ಟು ಹೊತ್ತು ಮೈಮೇಲೆ ಬಿಟ್ಟು ಚೆನ್ನಾಗಿ ತೊಳೆಯುವುದು. ಸ್ನಾನದ ನಂತರ ಮೈಯನ್ನು ಪೂರ್ತಿ ಒಣಗಿಸುವುದು.
2. ಮಲಗುವ ಗೋಣಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸುವುದು. ಮನೆಯ ಎಲ್ಲ ನಾಯಿಗಳಿಗೂ ಏಕಕಾಲಕ್ಕೆ ಚಿಕಿತ್ಸೆ ಕೊಡಿಸುವುದು.
3. ಉಣ್ಣೆಯನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯುವುದು, ಬರಿಗೈಯಲ್ಲಿ ಹಿಸುಕಬಾರದು.

ಮಾಡಬಾರದ ಕ್ರಮಗಳು

ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್ ಹಚ್ಚಬಾರದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶದಲ್ಲಿ ಭತ್ತಕ್ಕೆ ಸಿಂಪಡಿಸುವ ಕೀಟನಾಶಕಗಳು ಮನೆಯಲ್ಲಿಯೇ ಇರುವುದುಂಟು. ಇವುಗಳನ್ನು ಯಾವ ಕಾರಣಕ್ಕೂ ನಾಯಿಗೆ ಬಳಸಬಾರದು. ವಿಷವು ಚರ್ಮದ ಮೂಲಕವೂ, ನೆಕ್ಕಿದಾಗ ಬಾಯಿಯ ಮೂಲಕವೂ ದೇಹವನ್ನು ಸೇರಿ ಪ್ರಾಣಾಪಾಯ ತರುತ್ತದೆ. ಜೊಲ್ಲು, ವಾಂತಿ, ನಡುಕ ಕಂಡುಬಂದಲ್ಲಿ ಕೈಗವಸು ಧರಿಸಿ ಮೈಯನ್ನು ಸಾಬೂನು ನೀರಿನಿಂದ ತೊಳೆದು, ಔಷಧಿಯ ಡಬ್ಬಿಯೊಡನೆ ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ದನ, ಕುರಿಗಳಿಗೆಂದು ತಂದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನಲ್ಲಿ ಕೊಡಬಾರದು. ಶೇ. 1ರ ದ್ರಾವಣದ 1 ಮಿ.ಲೀ. ಪ್ರಮಾಣವು 50 ಕೆ.ಜಿ. ತೂಕದ ದನಕ್ಕೆ ನಿಗದಿಯಾದುದು, 10 ಕೆ.ಜಿ. ತೂಕದ ನಾಯಿಗೆ ಅಷ್ಟನ್ನೇ ಕೊಟ್ಟರೆ ಐದು ಪಟ್ಟಾಗುತ್ತದೆ. ಕೆಲವು ತಳಿಗಳಿಗೆ ಅಲ್ಪ ಪ್ರಮಾಣವೂ ಮಾರಕ. ಮನುಷ್ಯರ ಮಾತ್ರೆ, ಮುಲಾಮುಗಳನ್ನೂ ಸ್ವತಃ ಬಳಸಬಾರದು.

ವೈದ್ಯರನ್ನು ಕಾಣುವ ಸಂದರ್ಭ

ಗಾಯ, ಕೀವು, ದುರ್ವಾಸನೆ, ಜ್ವರವಿದ್ದಲ್ಲಿ, ಆಹಾರ ಬಿಟ್ಟಲ್ಲಿ ಅಥವಾ ಮನೆಯವರಿಗೂ ತುರಿಕೆ ಆರಂಭವಾದಲ್ಲಿ ವಿಳಂಬ ಮಾಡಬಾರದು. ತುರಿಕೆಯೊಡನೆ ಸ್ವಭಾವ ಬದಲಾವಣೆ, ಜೊಲ್ಲು, ನುಂಗಲು ತೊಂದರೆ ಕಂಡರೆ ರೇಬಿಸ್ ಶಂಕೆಯಿರುವುದರಿಂದ ನಾಯಿಯನ್ನು ಮುಟ್ಟದೆ ವೈದ್ಯರಿಗೆ ತಿಳಿಸಬೇಕು. ಅದು ಕಚ್ಚಿದಲ್ಲಿ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಯಲ್ಲಿ ಲಸಿಕೆ ಪಡೆಯಬೇಕು.

ಸೇವೆ ಪಡೆಯುವ ವಿಧಾನ

ಸಮೀಪದ ಸರ್ಕಾರಿ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯಕ್ಕೆ ನಾಯಿಯನ್ನು ಸರಪಳಿ ಹಾಕಿ ಕರೆತರುವುದು. ನಾಯಿಯ ವಯಸ್ಸು, ತೂಕ, ರೇಬಿಸ್ ಲಸಿಕೆಯ ವಿವರ ಹಾಗೂ ಈಗಾಗಲೇ ಬಳಸಿದ ಔಷಧಿಗಳನ್ನು ತಿಳಿಸುವುದು. ವೈದ್ಯರು ಅಗತ್ಯವಿದ್ದಲ್ಲಿ ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಚಿಕಿತ್ಸೆ ಸೂಚಿಸುತ್ತಾರೆ. ಸಂಚಾರಿ ಪಶುಚಿಕಿತ್ಸಾ ಸೇವೆಯ ಮಾಹಿತಿಗೆ ಉಚಿತ ದೂರವಾಣಿ ಸಂಖ್ಯೆ 1962ನ್ನು ಸಂಪರ್ಕಿಸಬಹುದು. ತುರಿಕೆ ಕಡಿಮೆಯಾದರೂ ಸೂಚಿಸಿದ ಅವಧಿಯವರೆಗೆ ಚಿಕಿತ್ಸೆ ಮುಂದುವರೆಸುವುದು ಕಡ್ಡಾಯ.