ದಾರಿಯಲ್ಲಿ ಸೈಕಲ್ಲಿನ ಗಾಳಿ ಇಳಿದಾಗ

ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಹೆಸರಾಗಿದ್ದ ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಹಿರಿಯರಲ್ಲಿ ಅನೇಕರು ಸೈಕಲ್ ತುಳಿದೇ ಕಾರ್ಖಾನೆಗೂ ಕಛೇರಿಗೂ ಹೋಗಿಬಂದವರು. ಅಂದು ಬೀದಿಯ ಮೂಲೆಯಲ್ಲಿ ಪಂಪು, ನೀರಿನ ಬಾಣಲೆಗಳನ್ನಿಟ್ಟುಕೊಂಡ ಸೈಕಲ್ ಅಂಗಡಿಗೆ ಕೊರತೆಯಿರಲಿಲ್ಲ. ಇಂದು ನಮ್ಮ ಮಕ್ಕಳು ರಜೆಯ ದಿನ ನಸುಕಿನಲ್ಲೇ ಖಡಕ್ವಾಸಲಾ, ಸಿಂಹಗಡಗಳತ್ತ ಸವಾರಿ ಹೊರಡುತ್ತಾರೆ. ನಗರದಿಂದ ಸುಮಾರು 30 ಕಿ.ಮೀ. ದೂರದ ಸಿಂಹಗಡದ ದಾರಿಯಲ್ಲಿ, ಯಾವ ಅಂಗಡಿಯೂ ತೆರೆಯದ ಹೊತ್ತಿನಲ್ಲಿ ಗಾಳಿ ಇಳಿದರೆ, ಜೊತೆಗಿರುವ ಪಂಪು ಮತ್ತು ತಲೆಯಲ್ಲಿರುವ ತಿಳಿವಳಿಕೆ ಇವೆರಡೇ ಆಸರೆ. ಆದುದರಿಂದ ಹಿರಿಕಿರಿಯರೆಲ್ಲರಿಗೂ ಉಪಯುಕ್ತವಾಗುವ ಕೆಲವು ವಿಷಯಗಳನ್ನು ಇಲ್ಲಿ ನೀಡುತ್ತಿದ್ದೇವೆ.

ಹಿನ್ನೆಲೆ

ಗಾಳಿ ತುಂಬಿದ ಚಕ್ರದ ಕಲ್ಪನೆಗೆ ಮೊದಲು ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆದರೆ ಅದು ಬಳಕೆಗೆ ಬಾರದೆ ಮರೆಯಾಯಿತು. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಇಂಥದೇ ಟೈರನ್ನು ರೂಪಿಸಿ 1888ರಲ್ಲಿ ಪೇಟೆಂಟ್ ಪಡೆದರು. ಸವಾರಿ ಸುಖಕರವಾಯಿತು, ಪಂಕ್ಚರ್ ಎಂಬ ತೊಡಕೂ ಅದರೊಡನೆಯೇ ಬಂದಿತು.

ವಾಲ್ವಿನ ಬಗೆಗಳು

ತಮ್ಮ ಸೈಕಲ್ಲಿನ ವಾಲ್ವ್ ಯಾವುದೆಂದು ಮನೆಯಲ್ಲಿಯೇ ನೋಡಿಟ್ಟುಕೊಳ್ಳುವುದು ಅವಶ್ಯ. ನಮ್ಮ ದೇಶದ ಸಾಧಾರಣ ಸೈಕಲ್ಲುಗಳಲ್ಲಿರುವುದು ಡನ್ಲಪ್ ಅಥವಾ ವುಡ್ಸ್ ವಾಲ್ವ್. ಇದರ ಹಳೆಯ ಮಾದರಿಯಲ್ಲಿ ಗಾಳಿಯನ್ನು ತಡೆಯುವುದು ಒಂದು ಚಿಕ್ಕ ರಬ್ಬರ್ ಕೊಳವೆ, ಅಂದರೆ ನಾವೆಲ್ಲ ಬಲ್ಲ ವಾಲ್‌ಟ್ಯೂಬು. ಎರಡನೆಯದು ಶ್ರೇಡರ್, ಸ್ಕೂಟರು, ಕಾರುಗಳಲ್ಲಿರುವಂತೆ ದಪ್ಪನಾಗಿದ್ದು ನಡುವೆ ಸಣ್ಣ ಕಡ್ಡಿಯಿರುತ್ತದೆ. ಮೂರನೆಯದು ತೆಳ್ಳಗಿನ ಪ್ರೆಸ್ಟಾ. ಇದರ ತುದಿಯ ಪುಟ್ಟ ತಿರುಪನ್ನು ಸಡಿಲಿಸಿ, ಒಮ್ಮೆ ಮೆಲ್ಲನೆ ಒತ್ತಿ ಬಿಟ್ಟ ಬಳಿಕವೇ ಗಾಳಿ ತುಂಬಬೇಕು, ಅನಂತರ ಬಿಗಿಗೊಳಿಸಬೇಕು. ಪಂಪಿನ ಬಾಯಿ ವಾಲ್ವಿಗೆ ಹೊಂದದಿದ್ದರೆ ಎಷ್ಟು ಶ್ರಮಿಸಿದರೂ ವ್ಯರ್ಥ.

ಮೊದಲು ಕಾರಣವನ್ನು ಅರಿಯಿರಿ

ಗಾಳಿ ಇಳಿದುದು ತಿಳಿದೊಡನೆ ಇಳಿದು, ಸೈಕಲ್ಲನ್ನು ರಸ್ತೆಯಿಂದ ಬದಿಗೆ ತರಬೇಕು. ಗಾಳಿಯಿಲ್ಲದ ಚಕ್ರದ ಮೇಲೆ ಸವಾರಿ ಮಾಡಿದರೆ ಟ್ಯೂಬು ಹರಿದು, ರಿಮ್ಮು ಕೂಡ ಕೆಡುತ್ತದೆ. ತಿರುವಿನಲ್ಲಿ ಜಾರಿ ಬೀಳುವ ಅಪಾಯವೂ ಉಂಟು. ಸ್ವಲ್ಪ ಗಾಳಿ ತುಂಬಿ ಕಿವಿಗೊಟ್ಟು ಆಲಿಸಿರಿ. ವಾಲ್ವಿನ ತುದಿಗೆ ಒಂದು ಹನಿ ನೀರು ಹಚ್ಚಿದಾಗ ಗುಳ್ಳೆಯೆದ್ದರೆ ದೋಷ ಅಲ್ಲಿಯೇ ಇದೆ; ಹಳೆಯ ವಾಲ್‌ಟ್ಯೂಬನ್ನು ಬದಲಿಸಿದರೆ ಸಾಕಾಗಬಹುದು. ಗಾಳಿ ನಿಧಾನವಾಗಿ ಸೋರುತ್ತಿದ್ದರೆ ಪೂರ್ಣ ತುಂಬಿ, ಹತ್ತಿರದ ಅಂಗಡಿಯವರೆಗೆ ನಡುನಡುವೆ ಪರೀಕ್ಷಿಸುತ್ತ ಸಾಗಬಹುದು. ತುಂಬಿದೊಡನೆ ಇಳಿದರೆ ಟ್ಯೂಬನ್ನು ಹೊರತೆಗೆದು ತೇಪೆ ಹಾಕಬೇಕು, ಇಲ್ಲವೇ ಬೇರೆ ಟ್ಯೂಬು ಹಾಕಬೇಕು. ಆಗ ಟೈರಿನ ಒಳಮೈಯನ್ನು ಎಚ್ಚರಿಕೆಯಿಂದ ಸವರಿ ನೋಡುವುದನ್ನು ಮರೆಯಬಾರದು. ಮುಳ್ಳು ಅಥವಾ ಗಾಜಿನ ಚೂರು ಅಲ್ಲಿಯೇ ಉಳಿದಿದ್ದರೆ ಹೊಸ ಟ್ಯೂಬಿಗೂ ಅದೇ ಗತಿ.

ತುಂಬುವ ಕ್ರಮ

ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಟೈರಿನೊಳಗೆ ಕೂರಿಸಬೇಕು. ಟೈರಿನ ಅಂಚು ಮತ್ತು ರಿಮ್ಮಿನ ನಡುವೆ ಟ್ಯೂಬು ಸಿಕ್ಕಿಕೊಂಡಿಲ್ಲವೆಂದು ಸುತ್ತಲೂ ನೋಡಿ, ಅರ್ಧ ತುಂಬಿ, ಮತ್ತೊಮ್ಮೆ ಪರೀಕ್ಷಿಸಿ, ಬಳಿಕ ಪೂರ್ಣ ತುಂಬಬೇಕು. ಕೈಪಂಪನ್ನು ಒತ್ತುವಾಗ ವಾಲ್ವ್ ಅಲುಗಾಡದಂತೆ ಪಂಪಿನ ಬಾಯಿಯನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿಯುವುದು ಒಳ್ಳೆಯದು. ಇಲ್ಲವಾದರೆ ವಾಲ್ವಿನ ಬುಡವೇ ಹರಿದೀತು. ಪಂಪು ಬಿಸಿಯಾದರೆ ಗಾಬರಿ ಬೇಡ. ಅದುಮಿದ ಗಾಳಿ ಬಿಸಿಯೇರುವುದು ಸಹಜ.

ಎಷ್ಟು ಒತ್ತಡವಿರಬೇಕೆಂಬುದು ಟೈರಿನ ಬದಿಯಲ್ಲಿಯೇ ಮುದ್ರಿತವಾಗಿರುತ್ತದೆ. ಸಾಮಾನ್ಯವಾಗಿ ಅಗಲ ಟೈರುಗಳಿಗೆ 30ರಿಂದ 50, ನಗರ ಬಳಕೆಯವಕ್ಕೆ 50ರಿಂದ 70, ವೇಗದ ಸೈಕಲ್ಲುಗಳ ಸಪೂರ ಟೈರುಗಳಿಗೆ 80ರಿಂದ 120 ಪಿ.ಎಸ್.ಐ. ಇರುತ್ತದೆ. ಮಾಪಕವಿಲ್ಲದಿದ್ದರೆ ಸೈಕಲ್ಲಿನ ಮೇಲೆ ಕುಳಿತು ನೋಡಿರಿ. ಟೈರು ನೆಲ ಮುಟ್ಟುವಲ್ಲಿ ತುಸುವೇ ಉಬ್ಬಬೇಕು. ಪೆಟ್ರೋಲ್ ಬಂಕಿನ ಯಂತ್ರದಿಂದ ತುಂಬಿಸುವಾಗ ವಿಶೇಷ ಎಚ್ಚರಿಕೆ ಬೇಕು. ಚಿಕ್ಕ ಟ್ಯೂಬು ಕ್ಷಣಾರ್ಧದಲ್ಲಿ ಸಿಡಿಯಬಹುದು.

ಇತ್ತೀಚೆಗೆ ಕೆಲವರು 16 ಗ್ರಾಂ ಇಂಗಾಲದ ಡೈಆಕ್ಸೈಡಿನ ಪುಟ್ಟ ಉರುಳೆಗಳನ್ನು ಒಯ್ಯುತ್ತಾರೆ. ಟೈರು ಕ್ಷಣಗಳಲ್ಲೇ ತುಂಬುತ್ತದೆ. ಆದರೆ ಉರುಳೆ ಅತಿಯಾಗಿ ತಣ್ಣಗಾಗುವುದರಿಂದ ಬಟ್ಟೆಯಲ್ಲಿ ಹಿಡಿಯಬೇಕು. ಈ ಅನಿಲ ರಬ್ಬರಿನ ಮೂಲಕ ಗಾಳಿಗಿಂತ ಬೇಗ ಸೋರುವುದರಿಂದ ಮನೆಗೆ ಬಂದ ಮೇಲೆ ಸಾದಾ ಗಾಳಿಯನ್ನು ತುಂಬಿಕೊಳ್ಳಬೇಕು.

ಜೊತೆಯಲ್ಲಿರಬೇಕಾದವು

ಕೈಪಂಪು, ಒಂದು ಟ್ಯೂಬು, ಟೈರು ಬಿಚ್ಚುವ ಎರಡು ಸನಿಕೆ, ತೇಪೆ ಮತ್ತು ಸಲ್ಯೂಷನ್, ಉಪ್ಪುಕಾಗದದ ತುಂಡು, ಅಗತ್ಯವಿದ್ದರೆ ಸ್ಪ್ಯಾನರು ಹಾಗೂ ತುಂಡು ವಾಲ್‌ಟ್ಯೂಬು. ಇವೆಲ್ಲವೂ ಒಂದು ಚಿಕ್ಕ ಚೀಲದಲ್ಲಿ ಹಿಡಿಯುತ್ತವೆ. ಆದರೆ ಚೀಲವಿದ್ದರೆ ಸಾಲದು. ಮಕ್ಕಳನ್ನು ದೂರದ ಸವಾರಿಗೆ ಕಳುಹಿಸುವ ಮೊದಲು ಒಂದು ಭಾನುವಾರ ಅಂಗಳದಲ್ಲಿಯೋ ಕಟ್ಟಡದ ಕೆಳಗೋ ಅವರ ಕೈಯಿಂದಲೇ ಒಮ್ಮೆ ಚಕ್ರ ಬಿಚ್ಚಿಸಿ, ಗಾಳಿ ತುಂಬಿಸಿರೆಂದು ಪೋಷಕರಲ್ಲಿ ನಮ್ಮ ವಿನಂತಿ. ಮನೆಯಲ್ಲಿ ಹಿರಿಯರಿದ್ದರೆ ಅವರೇ ಕಲಿಸಲಿ, ಅವರಿಗೂ ಸಂತೋಷವಾದೀತು.